ಬಾರದ ಇ-ಮೇಲನ್ನು ಹುಡುಕುವ ಬಗೆ

ನಾವು ಬರೆದ ಕಾಗದ ತಲಪದಿದ್ದರೆ ಆ ಸಂಗತಿ ಬೇಗನೆ ನಮ್ಮ ಗಮನಕ್ಕೆ ಬರುತ್ತದೆ. ಉತ್ತರ ಬಾರದು, ಇಲ್ಲವೆ ಕಾಗದವೇ ಹಿಂದಿರುಗೀತು. ಆದರೆ ನಮಗೆ ಬರಬೇಕಾದ ಕಾಗದ ಬಾರದಿದ್ದಾಗ, ಬಾರಲಿಲ್ಲವೆಂಬುದೇ ನಮಗೆ ತಿಳಿಯುವುದಿಲ್ಲ. ಯಾರೂ ಬರೆದಿಲ್ಲವೆಂದುಕೊಂಡು ಸುಮ್ಮನಿರುತ್ತೇವೆ. ಇ-ಮೇಲಿನ ವಿಷಯದಲ್ಲಿಯೂ ಹೀಗೆಯೇ. ದೊಡ್ಡ ಸಂಸ್ಥೆಗಳಲ್ಲಿ ಇದನ್ನು ನೋಡಿಕೊಳ್ಳಲು ನುರಿತ ಜನರಿರುತ್ತಾರೆ. ಕಚೇರಿಯ ಮೂಲೆಯಲ್ಲಿ ಸ್ವಂತದ ಸರ್ವರೊಂದನ್ನು ಇಟ್ಟುಕೊಂಡ ಸಣ್ಣ ವ್ಯಾಪಾರಿಗೆ ಆ ಅನುಕೂಲವಿಲ್ಲ. ಅಂಥ ಕಡೆ ಒಳಬರುವ ಅಂಚೆ ನಿಂತರೆ, ಅದು ಎಲ್ಲಿ ನಿಂತಿದೆಯೆಂದು ಕಂಡುಹಿಡಿಯುವ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ನಾನು ಇತಿಹಾಸದ ವಿದ್ಯಾರ್ಥಿ, ಯಂತ್ರಶಾಸ್ತ್ರವನ್ನು ಓದಿದವನಲ್ಲ. ಆದರೂ ಈ ಕೆಲಸಕ್ಕೆ ಬೇಕಾದುದು ಒಂದೊಂದೇ ಸಾಕ್ಷಿಯನ್ನು ಸಾಲಾಗಿ ವಿಚಾರಿಸುವ ತಾಳ್ಮೆಯೇ ಹೊರತು ವಿಶೇಷ ಪಾಂಡಿತ್ಯವಲ್ಲವೆಂದು ಅನುಭವದಿಂದ ಹೇಳಬಲ್ಲೆ.

ನನ್ನ ಸೋದರಮಾವನವರದು ಐದು ಜನ ಕೆಲಸಗಾರರ ಒಂದು ಮುದ್ರಣಾಲಯ. ರಜೆಯಲ್ಲಿ ನಾನು ಅಲ್ಲಿ ಕರಡು ತಿದ್ದುವುದುಂಟು. ಗಿರಾಕಿಗಳ ಆರ್ಡರುಗಳೂ ತಿದ್ದಿದ ಕರಡುಗಳೂ ಅಲ್ಲಿಗೆ ಇ-ಮೇಲಿನಲ್ಲಿಯೇ ಬರುತ್ತವೆ. ಕಳೆದ ಬೇಸಗೆಯ ಒಂದು ಸೋಮವಾರ ಇಂಟರ್‌ನೆಟ್ ಒದಗಿಸುವವರು ಹಳೆಯ ರೌಟರನ್ನು ತೆಗೆದು ಹೊಸದನ್ನು ಕೂಡಿಸಿ ಹೋದರು. ಬುಧವಾರ ಬೆಳಿಗ್ಗೆ ಶಾಲೆಯೊಂದರ ಗುಮಾಸ್ತರು ಫೋನು ಮಾಡಿ, “ಕರಡನ್ನು ಸೋಮವಾರವೇ ತಿದ್ದಿ ಕಳುಹಿಸಿದ್ದೇವಲ್ಲ, ಅಚ್ಚು ಎಲ್ಲಿಗೆ ಬಂತು?” ಎಂದು ಕೇಳಿದರು. ಕರಡು ಬಂದೇ ಇರಲಿಲ್ಲ. ಆ ಒಂದು ಕಾಗದವನ್ನು ಬೇರೆ ವಿಳಾಸಕ್ಕೆ ತರಿಸಿಕೊಳ್ಳಬಹುದಿತ್ತು. ಆದರೆ ಬರೆದು, ಫೋನು ಮಾಡದೆ, ಕೊನೆಗೆ ಬೇರೆ ಮುದ್ರಣಾಲಯಕ್ಕೆ ಹೋಗುವ ಗಿರಾಕಿಗಳು ಎಷ್ಟು ಮಂದಿಯೋ ಯಾರು ಬಲ್ಲರು? ಕೆಲಸಗಾರರ ಬಟವಾಡೆ ನಿಂತಿರುವುದು ಅಂಥ ಆರ್ಡರುಗಳ ಮೇಲೆಯೇ.

ಮೊದಲು ಇ-ಮೇಲು ಬರುವ ದಾರಿಯನ್ನು ತಿಳಿಯೋಣ. ಒಂದು ಸರ್ವರು ಇನ್ನೊಂದಕ್ಕೆ ಕಾಗದ ಒಪ್ಪಿಸುವಾಗ ನಡೆಯುವ ಸಂಭಾಷಣೆಗೆ ಎಸ್‌ಎಮ್‌ಟಿಪಿ ಎಂದು ಹೆಸರು. ಅದರ ನಿಯಮಗಳನ್ನು ಅಮೆರಿಕದ ಜಾನ್ ಪೋಸ್ಟೆಲ್ ಎಂಬುವರು ೧೯೮೨ರಲ್ಲಿ ಬರೆದಿಟ್ಟರು. ಒಂದು ಸಂಸ್ಥೆಯ ಅಂಚೆಯನ್ನು ಯಾವ ಯಂತ್ರಕ್ಕೆ ಒಪ್ಪಿಸಬೇಕೆಂಬುದನ್ನು ಇಂಟರ್‌ನೆಟ್ಟಿನ ಹೆಸರುಪಟ್ಟಿಯಾದ ಡಿಎನ್‌ಎಸ್‌ನಲ್ಲಿ ‘ಎಮ್‌ಎಕ್ಸ್’ ಎಂಬ ದಾಖಲೆ ಹೇಳುತ್ತದೆ. ಕಳುಹಿಸುವ ಸರ್ವರು ಆ ದಾಖಲೆಯನ್ನು ಓದಿ, ಅಲ್ಲಿರುವ ಯಂತ್ರದ ಹೆಸರಿನಿಂದ ಅದರ ಸಂಖ್ಯೆಯನ್ನು ತಿಳಿದು, ಆ ಸಂಖ್ಯೆಯ ೨೫ನೆಯ ಬಾಗಿಲನ್ನು, ಎಂದರೆ ಪೋರ್ಟನ್ನು, ತಟ್ಟುತ್ತದೆ.

ಇಲ್ಲಿ ರೌಟರಿನ ಪಾತ್ರ ಬರುತ್ತದೆ. ರೌಟರೆಂದರೆ ವಠಾರದ ಹೆಬ್ಬಾಗಿಲೆಂದು ತಿಳಿಯಬಹುದು. ಬೀದಿಗೆ ಕಾಣುವುದು ವಠಾರದ ಒಂದೇ ಸಂಖ್ಯೆ. ಒಳಗಿನ ಮನೆಗಳಿಗೆ ಬೇರೆ ಸಂಖ್ಯೆಗಳಿವೆ. ಆದರೆ ‘ಮೂರನೆಯ ಮನೆ’ ಪ್ರತಿಯೊಂದು ವಠಾರದಲ್ಲಿಯೂ ಇರುವುದರಿಂದ ಬೀದಿಯವರಿಗೆ ಅದರಿಂದ ಉಪಯೋಗವಿಲ್ಲ. ೧೯೨.೧೬೮ ಎಂದು ಮೊದಲಾಗುವ ಸಂಖ್ಯೆಗಳು ಇಂಥ ಒಳಮನೆಯ ಸಂಖ್ಯೆಗಳೇ. ೨೫ನೆಯ ಬಾಗಿಲಿಗೆ ಬಂದವರನ್ನು ಒಳಗಿನ ಯಾವ ಮನೆಗೆ ಕಳುಹಿಸಬೇಕೆಂದು ಹೆಬ್ಬಾಗಿಲಿನಲ್ಲಿ ಬರೆದಿಡಬೇಕು. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎನ್ನುತ್ತಾರೆ.

ಮುದ್ರಣಾಲಯದಲ್ಲಿ ಎಲ್ಲರೂ, “ನಮ್ಮ ಕಾಗದಗಳು ಹೋಗುತ್ತಿವೆಯಲ್ಲ, ಅಂದಮೇಲೆ ಎಲ್ಲ ಸರಿಯಾಗಿಯೇ ಇದೆ” ಎನ್ನುತ್ತಿದ್ದರು. ಈ ತರ್ಕ ನಿಲ್ಲುವುದಿಲ್ಲ. ಒಳಗಿನವರು ಹೊರಗೆ ಹೋದರೆ ರೌಟರು ಅವರನ್ನು ನೆನಪಿಟ್ಟುಕೊಂಡು, ಅವರಿಗೆ ಬರುವ ಉತ್ತರವನ್ನು ತಾನಾಗಿಯೇ ಒಳಗೆ ಬಿಡುತ್ತದೆ. ಹೊರಗಿನವರು ತಾವಾಗಿ ಬಂದು ತಟ್ಟಿದರೆ ಬರೆದಿಟ್ಟ ಅಪ್ಪಣೆಯಿಲ್ಲದೆ ಬಿಡುವುದಿಲ್ಲ. ಆದುದರಿಂದ ಹೋಗುವ ಅಂಚೆ ಬರುವ ಅಂಚೆಗೆ ಸಾಕ್ಷಿಯಲ್ಲ.

ಇನ್ನು ವಿಚಾರಣೆಯ ಕ್ರಮ. ಮೊದಲನೆಯ ಪ್ರಶ್ನೆ: ಒಳಗಿನ ಒಬ್ಬರು ಇನ್ನೊಬ್ಬರಿಗೆ ಕಳುಹಿಸಿದ ಕಾಗದ ತಲಪುತ್ತದೆಯೆ? ನಮ್ಮಲ್ಲಿ ತಲಪಿತು. ಎಂದರೆ ಸರ್ವರು ಬದುಕಿದೆ, ಪೆಟ್ಟಿಗೆಗಳು ಸರಿಯಾಗಿವೆ.

ಎರಡನೆಯದು: ಹೆಸರುಪಟ್ಟಿ ಸರಿಯಾದ ಸಂಖ್ಯೆಯನ್ನು ಹೇಳುತ್ತದೆಯೆ? ‘ಎನ್‌ಎಸ್‌ಲುಕಪ್’ ಎಂಬ ಆದೇಶದಿಂದ ಎಮ್‌ಎಕ್ಸ್ ದಾಖಲೆಯನ್ನೂ ಅದರ ಸಂಖ್ಯೆಯನ್ನೂ ನೋಡಿ, ರೌಟರಿನ ಹೊರಮುಖದ ಸಂಖ್ಯೆಯೊಡನೆ ಹೋಲಿಸಬೇಕು. ಎರಡೂ ಒಂದೇ ಆಗಿರಬೇಕು. ಹೊರಮುಖದಲ್ಲಿ ೧೦೦.೬೪ರಿಂದ ೧೦೦.೧೨೭ರವರೆಗಿನ ಸಂಖ್ಯೆ ಕಂಡರೆ, ನಮ್ಮ ವಠಾರವೇ ಇನ್ನೊಂದು ದೊಡ್ಡ ವಠಾರದೊಳಗಿದೆಯೆಂದು ಅರ್ಥ. ಆಗ ನಮ್ಮ ರೌಟರಿನಲ್ಲಿ ಏನು ಬರೆದರೂ ಫಲವಿಲ್ಲ; ಇಂಟರ್‌ನೆಟ್ ಒದಗಿಸುವವರಿಂದ ಸ್ವಂತ ಸಂಖ್ಯೆಯನ್ನು ಕೇಳಿ ಪಡೆಯಬೇಕು. ನಮ್ಮಲ್ಲಿ ಎರಡೂ ಸಂಖ್ಯೆಗಳು ಸರಿಹೊಂದಿದವು.

ಮೂರನೆಯದು: ಹೊರಗಿನಿಂದ ತಟ್ಟಿದರೆ ಬಾಗಿಲು ತೆರೆಯುತ್ತದೆಯೆ? ಇದನ್ನು ಹೊರಗಿನಿಂದಲೇ ಪರೀಕ್ಷಿಸಬೇಕು. ಒಳಗೆ ಕುಳಿತು ತನ್ನದೇ ಹೊರಸಂಖ್ಯೆಯನ್ನು ಕರೆದರೆ ಕೆಲವು ರೌಟರುಗಳು ಒಪ್ಪುವುದಿಲ್ಲ; ಇಲ್ಲದ ದೋಷ ಕಂಡೀತು. ಬೇರೊಂದು ಸಂಪರ್ಕದಿಂದ ‘ಟೆಲ್‌ನೆಟ್’ ಆದೇಶದ ಮುಂದೆ ಸರ್ವರಿನ ಹೆಸರನ್ನೂ ೨೫ ಎಂಬ ಸಂಖ್ಯೆಯನ್ನೂ ಬರೆಯಬೇಕು. ಆದರೆ ರದ್ದಿ ಅಂಚೆಯ ಹಾವಳಿಯನ್ನು ತಡೆಯಲು ಅನೇಕ ಕಂಪೆನಿಗಳು ಸಾಮಾನ್ಯ ಗ್ರಾಹಕರು ಹೊರಗಿನ ೨೫ನೆಯ ಬಾಗಿಲನ್ನು ತಟ್ಟದಂತೆ ಕಟ್ಟಿಹಾಕಿವೆ. ಆದುದರಿಂದ ಚೆನ್ನಾಗಿ ನಡೆಯುತ್ತಿರುವ ಬೇರೊಂದು ಅಂಚೆ ಸರ್ವರನ್ನು ಮೊದಲು ತಟ್ಟಿ ನೋಡಬೇಕು; ಅಲ್ಲಿಯೂ ಉತ್ತರವಿಲ್ಲದಿದ್ದರೆ ತಪ್ಪು ನಾವು ನಿಂತ ಜಾಗದ್ದು. ಎಲ್ಲ ಸರಿಯಿದ್ದರೆ ೨೨೦ ಎಂಬ ಸಂಖ್ಯೆಯೊಡನೆ ಸ್ವಾಗತದ ಸಾಲೊಂದು ಬರುತ್ತದೆ. ಒಡನೆಯೇ ನಿರಾಕರಣೆ ಬಂದರೆ, ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಆ ಬಾಗಿಲಿನಲ್ಲಿ ಕೇಳುವವರಿಲ್ಲ. ಏನೂ ಬಾರದೆ ಬಹಳ ಹೊತ್ತು ಮೌನವಿದ್ದರೆ ದಾರಿಯಲ್ಲಿ ಯಾರೋ ತಡೆಯುತ್ತಿದ್ದಾರೆ, ಇಲ್ಲವೆ ಕಾಗದವನ್ನು ಯಾರೂ ಇಲ್ಲದ ಮನೆಗೆ ಕಳುಹಿಸುತ್ತಿದ್ದಾರೆ. ಮಿತ್ರನೊಬ್ಬನ ಕಚೇರಿಯಿಂದ ತಟ್ಟಿದಾಗ ನಮಗೆ ದೊರೆತುದು ಮೌನ.

ನಾಲ್ಕನೆಯದು ರೌಟರಿನ ಅಪ್ಪಣೆ. ೨೫ನೆಯ ಬಾಗಿಲಿಗೆ ಬಂದವರನ್ನು ೧೯೨.೧೬೮.೧.೧೦ಕ್ಕೆ ಕಳುಹಿಸೆಂದು ಹೊಸ ರೌಟರಿನಲ್ಲಿ ಸರಿಯಾಗಿಯೇ ಬರೆದಿತ್ತು. ಆದರೆ ಸರ್ವರಿನ ಸಂಖ್ಯೆಯನ್ನು ನೋಡಿದರೆ ಅದು ೧೯೨.೧೬೮.೧.೭! ಒಳಮನೆಗಳಿಗೆ ಸಂಖ್ಯೆ ಹಂಚುವ ಕೆಲಸವೂ ರೌಟರಿನದೇ. ಸರ್ವರಿಗೆ ಯಾವಾಗಲೂ ೧೦ನೆಯ ಸಂಖ್ಯೆಯನ್ನೇ ಕೊಡಬೇಕೆಂಬ ಕಟ್ಟಳೆ ಹಳೆಯ ಪೆಟ್ಟಿಗೆಯೊಡನೆ ಹೊರಟುಹೋಗಿತ್ತು. ಆ ಕಟ್ಟಳೆಯನ್ನು ಮತ್ತೆ ಬರೆದು ಸರ್ವರನ್ನು ಪುನಃ ಆರಂಭಿಸಿದೆವು. ಮಿತ್ರನ ಕಚೇರಿಯಿಂದ ತಟ್ಟಿದಾಗ ೨೨೦ ಬಂದಿತು.

ಇಷ್ಟಾದರೂ ಅಂಚೆ ಬಾರದಿದ್ದರೆ ಐದನೆಯದಾಗಿ ಸರ್ವರಿನ ದಿನಚರಿಯನ್ನು, ಎಂದರೆ ಲಾಗನ್ನು, ಓದಬೇಕು. ೪ರಿಂದ ಮೊದಲಾಗುವ ಉತ್ತರಕ್ಕೆ “ಈಗ ಆಗದು, ಮತ್ತೆ ಬಾ” ಎಂದರ್ಥ; ಡಿಸ್ಕು ತುಂಬಿದಾಗ ಬರುವುದು ಇಂಥದು. ೫ರಿಂದ ಮೊದಲಾದರೆ “ಆಗದು, ಹಿಂದಕ್ಕೆ ಹೋಗು” ಎಂದರ್ಥ; ೫೫೦ ಅನೇಕ ವೇಳೆ ಅಂಥ ಹೆಸರಿನವರು ಇಲ್ಲಿಲ್ಲವೆಂಬುದನ್ನು ತಿಳಿಸುತ್ತದೆ.

ಈ ಭೇದವನ್ನು ತಿಳಿದವರು ಗಾಬರಿಗೊಳ್ಳುವುದಿಲ್ಲ. ೨೦೦೮ರಲ್ಲಿ ಪರಿಷ್ಕೃತವಾದ ನಿಯಮದಂತೆ, ಬಾಗಿಲು ತೆರೆಯದಿದ್ದರೆ ಕಳುಹಿಸುವ ಸರ್ವರು ಕಾಗದವನ್ನು ಎಸೆಯಬಾರದು. ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸಬೇಕು. ಸಾಮಾನ್ಯವಾಗಿ ಕಡಮೆಯೆಂದರೆ ನಾಲ್ಕೈದು ದಿನ ಕಾಯಬೇಕು. ಎಲ್ಲರೂ ಅಷ್ಟು ದಿನ ಕಾಯುವುದಿಲ್ಲವೆಂಬುದು ನಿಜ. ಆದರೂ ಮುಚ್ಚಿದ ಬಾಗಿಲಿಗೆ ಅಂಚೆಯವನು ಮತ್ತೆ ಬರುತ್ತಾನೆ. ‘ಅಂಥವರು ಇಲ್ಲಿಲ್ಲ’ ಎಂದು ಹೇಳಿದ ಮನೆಗೆ ಆ ಕಾಗದವನ್ನು ಮತ್ತೆ ತರುವುದಿಲ್ಲ. ಆದುದರಿಂದ ರಿಪೇರಿಯ ಸಮಯದಲ್ಲಿ ಸರ್ವರು ೫ರ ಉತ್ತರ ಕೊಡುತ್ತಿರುವುದಕ್ಕಿಂತ ಬಾಗಿಲು ಮುಚ್ಚಿರುವುದೇ ಲೇಸು. ನಮಗೂ ಈ ನಿಯಮವೇ ನೆರವಾಯಿತು: ಬುಧವಾರ ರಾತ್ರಿಯೊಳಗೆ ಶಾಲೆಯ ಕರಡಿನೊಡನೆ ಇನ್ನೂ ಹತ್ತು ಕಾಗದಗಳು ಬಂದಿಳಿದವು. ಅವುಗಳಲ್ಲಿ ಎರಡು ಹೊಸ ಆರ್ಡರುಗಳು.

ಒಂದು ಎಚ್ಚರಿಕೆಯ ಮಾತು. ಬೇಸರದಿಂದ ಕೆಲವರು ರೌಟರಿನ ಎಲ್ಲ ಬಾಗಿಲುಗಳನ್ನೂ ಸರ್ವರಿನ ಕಡೆಗೆ ತೆರೆದುಬಿಡುತ್ತಾರೆ. ಅಂಚೆ ಬರುತ್ತದೆ, ಅದರ ಹಿಂದೆಯೇ ಕಳ್ಳರೂ ಬರುತ್ತಾರೆ. ಬೇಕಾದ ಬಾಗಿಲೊಂದನ್ನೇ ತೆರೆದು, ಪರರ ಅಂಚೆಯನ್ನು ಪರರಿಗೆ ಸಾಗಿಸಲು ನಮ್ಮ ಸರ್ವರು ಒಪ್ಪದಂತೆ ನೋಡಿಕೊಳ್ಳಬೇಕು.

ಕಡೆಯದಾಗಿ, ಇಂಥ ಸರ್ವರಿರುವ ಕಡೆ ಒಂದು ರಟ್ಟಿನ ಮೇಲೆ ಐದು ಸಂಗತಿಗಳನ್ನು ಬರೆದು ತೂಗುಹಾಕುವುದು ಒಳ್ಳೆಯದು: ಎಮ್‌ಎಕ್ಸ್ ಹೆಸರು, ಹೊರಗಿನ ಸಂಖ್ಯೆ, ಸರ್ವರಿನ ಒಳಸಂಖ್ಯೆ, ತೆರೆದಿರುವ ಬಾಗಿಲುಗಳು, ರೌಟರನ್ನು ಕಡೆಯ ಸಲ ಮುಟ್ಟಿದ ದಿನಾಂಕ. ಮುಂದೆ ಯಾರು ಬಂದು ಯಾವ ಪೆಟ್ಟಿಗೆಯನ್ನು ಬದಲಾಯಿಸಿದರೂ, ಆ ರಟ್ಟನ್ನು ಕೈಯಲ್ಲಿ ಹಿಡಿದು ಒಂದೊಂದನ್ನೇ ತಾಳೆನೋಡಿದ ಮೇಲೆಯೇ ಅವರನ್ನು ಕಳುಹಿಸಿಕೊಡಬೇಕು.