ಒಲೆ ಹಚ್ಚದ ಸೂಪು

ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನಲ್ಲಿರುವ ಯಂಕಂಚಿಯ ಕಡೆ ಜೋಳದ ರೊಟ್ಟಿಯೊಂದಿಗೆ ಉಳ್ಳಾಗಡ್ಡಿ, ಮೆಂತ್ಯ, ಹಕ್ಕರಕಿ, ಸೌತೆಕಾಯಿಗಳನ್ನು ಹಸಿಯಾಗಿಯೇ ತಿನ್ನುವುದು ರೂಢಿ. ಹಸಿ ತರಕಾರಿಯನ್ನು ಅರೆದು ಸೂಪು ಮಾಡಬಹುದೆ? ಮಾಡಬಹುದು. ಸ್ಪೇನ್ ದೇಶದ ಗಾಸ್ಪಾಚೊ ಅಂಥದೇ ತಣ್ಣನೆಯ ಟೊಮೆಟೊ ಸೂಪು. ಆದರೆ ಬೆಂಕಿಯನ್ನು ಬಿಟ್ಟರೆ ಅದು ಮಾಡುತ್ತಿದ್ದ ಕೆಲಸಗಳನ್ನು ನಾವೇ ಬೇರೆ ರೀತಿಯಲ್ಲಿ ಮಾಡಬೇಕಾಗುತ್ತದೆ.

ಮಾಡುವ ವಿಧಾನ: ಹಣ್ಣಾದ 3 ಟೊಮೆಟೊ, 1 ಗಜ್ಜರಿ, ನೆನೆಸಿದ 2 ಚಮಚ ಎಳ್ಳು, ಚೂರು ಶುಂಠಿ, ಕೊತ್ತಂಬರಿ ಮತ್ತು ಉಪ್ಪನ್ನು 1 ಲೋಟ ಕುದಿಸಿ ಆರಿಸಿದ ನೀರಿನೊಂದಿಗೆ ನುಣ್ಣಗೆ ಅರೆಯಿರಿ. ಅರ್ಧ ನಿಂಬೆಹಣ್ಣಿನ ರಸ ಹಿಂಡಿ. ಅರ್ಧ ಸೌತೆಕಾಯಿಯನ್ನು ಸಣ್ಣಗೆ ಹೆಚ್ಚಿ ಕೊನೆಗೆ ಹಾಕಿ. ಹಾಲು, ಬೆಣ್ಣೆ ಬೇಡ. ಎಳ್ಳೇ ಸೂಪನ್ನು ಗಟ್ಟಿ ಮಾಡುತ್ತದೆ.

ಬೆಂಕಿಯ ಮೊದಲ ಕೆಲಸ ರೋಗಾಣುಗಳನ್ನು ಕೊಲ್ಲುವುದು. ಮಣ್ಣು, ಗೊಬ್ಬರ, ಕೊಳಕು ನೀರಿನ ಮೂಲಕ ತರಕಾರಿಗೆ ಬ್ಯಾಕ್ಟೀರಿಯಾ, ಜಂತುಹುಳುವಿನ ಮೊಟ್ಟೆಗಳು ಅಂಟಿರಬಹುದು. ಹರಿಯುವ ಶುದ್ಧ ನೀರಿನಲ್ಲಿ ಒಂದೊಂದನ್ನೂ ಉಜ್ಜಿ ತೊಳೆದರೆ ಬಹುಪಾಲು ಹೋಗುತ್ತವೆ, ಎಲ್ಲವೂ ಅಲ್ಲ. ಉಪ್ಪುನೀರಿನಲ್ಲಿ ಅದ್ದಿದ ಮಾತ್ರಕ್ಕೆ ಅವು ಸಾಯುವುದಿಲ್ಲ. ಆದ್ದರಿಂದ ಗರ್ಭಿಣಿಯರು, ಎಳೆಯ ಮಕ್ಕಳು, ರೋಗನಿರೋಧಕ ಶಕ್ತಿ ಕುಗ್ಗಿದವರು ಬೇಯಿಸಿದ ಸೂಪನ್ನೇ ಕುಡಿಯುವುದು ಕ್ಷೇಮ. ಬೀನ್ಸ್ ಕಾಳುಗಳನ್ನು ಇದಕ್ಕೆ ಹಾಕಬೇಡಿ. ಅವುಗಳಲ್ಲಿನ ಲೆಕ್ಟಿನ್ ಎಂಬ ಪ್ರೋಟೀನು ಚೆನ್ನಾಗಿ ಕುದಿಸದಿದ್ದರೆ ವಾಂತಿ, ಭೇದಿ ತರುತ್ತದೆ.

ಎರಡನೆಯ ಕೆಲಸ ಸಸ್ಯದ ಕೋಶಭಿತ್ತಿಯನ್ನು ಮೆದುಮಾಡುವುದು. ಗಜ್ಜರಿಯ ಬೀಟಾ ಕ್ಯಾರೊಟೀನ್ ಈ ಭಿತ್ತಿಯೊಳಗೆ ಸೆರೆಯಾಗಿರುತ್ತದೆ. ನುಣ್ಣಗೆ ಅರೆದಾಗ ಭಿತ್ತಿ ಒಡೆಯುತ್ತದೆ. ಕ್ಯಾರೊಟೀನ್ ಕೊಬ್ಬಿನಲ್ಲಿ ಕರಗುವುದರಿಂದ ಎಳ್ಳಿನ ಎಣ್ಣೆ ಅದನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ.

ಮೂರನೆಯದು ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ. ಬೇಯಿಸಿದರೆ ಸಿ ಜೀವಸತ್ವ ನಷ್ಟವಾಗುತ್ತದೆ, ಹಸಿಯಾಗಿದ್ದರೆ ಪೂರ್ತಿ ಉಳಿಯುತ್ತದೆ ಎಂದು ನಾವು ನಂಬುತ್ತೇವೆ. ಆದರೆ ಸೌತೆಕಾಯಿಯಲ್ಲಿ ಆಸ್ಕಾರ್ಬೇಟ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ಅರೆದಾಗ ಅದು ಹೊರಬಂದು, ಗಾಳಿಯ ಆಕ್ಸಿಜನ್ ಸೇರಿ, ಸಿ ಜೀವಸತ್ವವನ್ನು ಉತ್ಕರ್ಷಿಸುತ್ತದೆ. ಕುದಿಸಿದರೆ ಈ ಕಿಣ್ವ ನಿಷ್ಕ್ರಿಯವಾಗುತ್ತದೆ. ನಿಂಬೆಯ ಆಮ್ಲ ಅದರ ವೇಗವನ್ನು ತಗ್ಗಿಸುತ್ತದೆ. ಸೌತೆಕಾಯಿಯನ್ನು ಅರೆಯದೆ ಕೊನೆಗೆ ಹಾಕಿದ್ದು ಇದಕ್ಕಾಗಿಯೇ.

ಇದನ್ನು ತರಗತಿಯಲ್ಲಿ ಪರೀಕ್ಷಿಸಿ ನೋಡಿ. 500 ಮಿಲಿಗ್ರಾಂನ ಒಂದು ಸಿ ಜೀವಸತ್ವದ ಮಾತ್ರೆಯನ್ನು ಪುಡಿಮಾಡಿ 1 ಲೀಟರ್ ನೀರಿನಲ್ಲಿ ಕರಗಿಸಿ. ಎರಡು ಲೋಟಗಳಿಗೆ 20 ಮಿಲಿಲೀಟರ್‌ನಂತೆ ಹಾಕಿ. ಒಂದಕ್ಕೆ 20 ಮಿಲಿಲೀಟರ್ ಹಸಿ ಸೌತೆಕಾಯಿ ರಸ, ಇನ್ನೊಂದಕ್ಕೆ ಕುದಿಸಿ ಆರಿಸಿದ ಅಷ್ಟೇ ರಸ ಬೆರೆಸಿ. ಅರ್ಧ ಗಂಟೆಯ ನಂತರ ಎರಡಕ್ಕೂ ಒಂದು ಚಮಚ ಗಂಜಿಯ ತಿಳಿ ಸೇರಿಸಿ, ಟಿಂಕ್ಚರ್ ಅಯೋಡಿನ್ ಅನ್ನು ಹನಿಹನಿಯಾಗಿ ಹಾಕುತ್ತಾ ಕಲಕಿ. ಸಿ ಜೀವಸತ್ವ ಇರುವವರೆಗೆ ಅಯೋಡಿನ್ ಅಯೋಡೈಡ್ ಆಗುವುದರಿಂದ ನೀಲಿ ಬಣ್ಣ ನಿಲ್ಲುವುದಿಲ್ಲ. ಅದು ಮುಗಿದೊಡನೆ ನೀಲಿ ನಿಲ್ಲುತ್ತದೆ. ಯಾವ ಲೋಟಕ್ಕೆ ಕಡಿಮೆ ಹನಿ ಸಾಕಾಯಿತು? ಅದರಲ್ಲಿ ನಷ್ಟ ಹೆಚ್ಚು. ಈ ದ್ರಾವಣಗಳನ್ನು ಕುಡಿಯಬಾರದು; ಪರೀಕ್ಷೆಯ ನಂತರ ಚೆಲ್ಲಿಬಿಡಿ.

ಹಸಿ ಸೂಪನ್ನು ಮಾಡಿದ ಕೂಡಲೇ ಕುಡಿಯಿರಿ. ತಡವಾದಷ್ಟೂ ಸಿ ಜೀವಸತ್ವ ಇಳಿಯುತ್ತದೆ, ಉಳಿದ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ.