ಕಚೇರಿ ಇಲ್ಲದ ಪತ್ರಕರ್ತರು: ತಪ್ಪು ಕಲ್ಪನೆ ಮತ್ತು ವಾಸ್ತವ

ಯಾವ ಪತ್ರಿಕೆಯ ಸಂಬಳದ ಪಟ್ಟಿಯಲ್ಲೂ ಹೆಸರಿಲ್ಲ. ಆದರೂ ಒಂದು ಸಂಜೆ ಆಕಾಶವಾಣಿಯಲ್ಲಿ ಅವರ ದನಿ ಕೇಳುತ್ತದೆ, ಮುಂದಿನ ವಾರ ವಾರಪತ್ರಿಕೆಯಲ್ಲಿ ಅವರ ಲೇಖನ ಬರುತ್ತದೆ, ನಡುವೆ ಯಾವುದೋ ಜಾಲತಾಣದಲ್ಲೂ ಕಾಣಿಸುತ್ತಾರೆ. ಇಂಥ ಸ್ವತಂತ್ರ ಪತ್ರಕರ್ತರು ಕನ್ನಡದಲ್ಲಿ ಬಹಳ ಮಂದಿ ಇದ್ದಾರೆ. ತಾಲ್ಲೂಕು, ಹೋಬಳಿ ಮಟ್ಟದ ಎಷ್ಟೋ ಸಂಗತಿಗಳು ನಮ್ಮನ್ನು ಮುಟ್ಟುವುದು ಇವರಿಂದ. ಆದರೆ ಇವರ ಕೆಲಸದ ಬಗ್ಗೆ ಓದುಗರಲ್ಲಿ, ಸಂಪಾದಕರಲ್ಲಿ, ಕೆಲವೊಮ್ಮೆ ಸ್ವತಃ ಇವರಲ್ಲೇ ಬೇರೂರಿರುವ ಕೆಲವು ತಪ್ಪು ತಿಳಿವಳಿಕೆಗಳು ಇವರಿಗೆ ದೊಡ್ಡ ನಷ್ಟ ಮಾಡುತ್ತಿವೆ.

ತಪ್ಪು ಕಲ್ಪನೆ: ಇದು ಬಿಡುವಿನ ಬರವಣಿಗೆ. ನಿಜವಾದ ಪತ್ರಿಕೋದ್ಯಮ ನಡೆಯುವುದು ಪತ್ರಿಕಾ ಕಚೇರಿಯಲ್ಲಿ.

ಪಿ. ಸಾಯಿನಾಥ್ 1993ರಲ್ಲಿ ‘ಬ್ಲಿಟ್ಜ್’ ವಾರಪತ್ರಿಕೆಯ ಹುದ್ದೆ ಬಿಟ್ಟು, ಒಂದು ಫೆಲೋಶಿಪ್ ನೆಚ್ಚಿಕೊಂಡು ದೇಶದ ಅತಿ ಬಡ ಜಿಲ್ಲೆಗಳಿಗೆ ಹೊರಟರು. ಆ ವರದಿಗಳು 1996ರಲ್ಲಿ ಪುಸ್ತಕವಾದವು. ಬರ, ಸಾಲ, ಹಳ್ಳಿಯ ಬಡತನದ ಬಗ್ಗೆ ಬರೆಯುವ ರೀತಿಯನ್ನೇ ಆ ಪುಸ್ತಕ ಬದಲಿಸಿತು. ಕಚೇರಿಯ ದಿನಚರಿಯಲ್ಲಿ ಕೂತು ಆ ಕೆಲಸ ಆಗುತ್ತಿರಲಿಲ್ಲ. ನಮ್ಮಲ್ಲೇ ನೋಡಿ: 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಶ್ರೀ ಪಡ್ರೆಯವರ ಮುಂದಾಳತ್ವದಲ್ಲಿ ‘ಕೃಷಿಕರ ಕೈಗೆ ಲೇಖನಿ’ ಎಂದು ಹೊರಟಿತು. ತೋಟದಲ್ಲಿ ದುಡಿಯುವವರೇ ಅಲ್ಲಿ ವರದಿಗಾರರಾದರು. ಸಂಬಳದ ಸಿಬ್ಬಂದಿಯನ್ನಷ್ಟೇ ನಂಬಿ ಅಂಥ ಪತ್ರಿಕೆಯನ್ನು ಕಟ್ಟಲು ಸಾಧ್ಯವಿರಲಿಲ್ಲ.

ತಪ್ಪು ಕಲ್ಪನೆ: ಒಂದು ಲೇಖನ ಬರೆದರೆ ಸಾಕು, ಅದನ್ನೇ ರೇಡಿಯೊ, ಪತ್ರಿಕೆ, ಜಾಲತಾಣ ಮೂರಕ್ಕೂ ಕೊಡಬಹುದು.

ವಿಷಯ ಒಂದೇ ಇರಬಹುದು, ಬರಹ ಒಂದೇ ಆಗದು. ತುಮಕೂರು ಜಿಲ್ಲೆಯ ಚೇಳೂರಿನ ‘ಸಿದ್ದು’ ಹಲಸನ್ನೇ ತೆಗೆದುಕೊಳ್ಳಿ. ಅದರ ತೊಳೆ ತಾಮ್ರಗೆಂಪು, ಹಣ್ಣಿನ ತೂಕ ಸರಾಸರಿ ಎರಡೂವರೆ ಕಿಲೋ ಆಸುಪಾಸು. ಸಸಿಗಳನ್ನು ಬೆಳೆಸಿ ಹಂಚಲು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 2017ರಲ್ಲಿ ಮರದ ಒಡೆಯರಾದ ರೈತ ಕುಟುಂಬದ ಜೊತೆ ಒಪ್ಪಂದ ಮಾಡಿಕೊಂಡಿತು. ವಾರಪತ್ರಿಕೆಗೆ ಬರೆಯುವಾಗ ಆ ಕೆಂಪು ತೊಳೆಯ ಒಂದು ಒಳ್ಳೆಯ ಚಿತ್ರ ಅರ್ಧ ಕೆಲಸ ಮುಗಿಸುತ್ತದೆ. ಮರ ಸಿಕ್ಕಿದ ಕತೆ, ಒಪ್ಪಂದದ ವಿವರ, ಅಂಕಿ ಅಂಶ ಎಲ್ಲಕ್ಕೂ ಅಲ್ಲಿ ಜಾಗ ಇರುತ್ತದೆ.

ಅದೇ ಹಾಳೆಗಳನ್ನು ಸ್ಟುಡಿಯೊದಲ್ಲಿ ಓದಿದರೆ ಕೇಳುಗ ಎರಡನೇ ನಿಮಿಷಕ್ಕೆ ಕೈಬಿಡುತ್ತಾನೆ. ಕೇಳುವವನಿಗೆ ಪುಟ ಹಿಂದಕ್ಕೆ ತಿರುಗಿಸುವ ಸೌಲಭ್ಯ ಇಲ್ಲ. ‘ಮೇಲೆ ಹೇಳಿದಂತೆ’ ಎನ್ನುವ ಹಾಗಿಲ್ಲ. ಒಂದು ವಾಕ್ಯಕ್ಕೆ ಒಂದೇ ಸಂಗತಿ. ‘ಎರಡೂವರೆ ಕಿಲೋ’ ಎನ್ನುವುದಕ್ಕಿಂತ ‘ಒಂದು ಮನೆಯವರು ಒಂದೇ ಹೊತ್ತಿಗೆ ತಿಂದು ಮುಗಿಸುವಷ್ಟು ಸಣ್ಣ ಹಣ್ಣು’ ಎಂದರೆ ಕಿವಿಗೆ ಚೆನ್ನಾಗಿ ನಾಟುತ್ತದೆ. ಹಣ್ಣು ಕೊಯ್ಯುವ ಸದ್ದು, ತೋಟದ ಹಕ್ಕಿಗಳ ದನಿ, ರೈತನ ಸ್ವಂತ ಮಾತು ಇಲ್ಲಿ ಚಿತ್ರದ ಜಾಗ ತುಂಬಬೇಕು. ಹಾಗಾಗಿ ತೋಟಕ್ಕೆ ಹೋದಾಗಲೇ ಧ್ವನಿಮುದ್ರಣ ಮಾಡಿಕೊಂಡಿರಬೇಕು, ಆಮೇಲೆ ಫೋನಿನಲ್ಲಿ ಕೇಳಿ ತುಂಬಿಸಲಾಗದು. ನಡುವೆ ರೇಡಿಯೊ ಹಾಕಿದವರಿಗಾಗಿ ಊರಿನ ಹೆಸರು, ತಳಿಯ ಹೆಸರು ಮತ್ತೆ ಬರಬೇಕು. ಹತ್ತು ನಿಮಿಷದ ಭಾಷಣಕ್ಕೆ ಸಾವಿರ ಪದ ಮೀರಿದರೆ ಓದು ಓಟವಾಗುತ್ತದೆ. ಸ್ಟುಡಿಯೊಗೆ ಒಯ್ಯುವ ಹಾಳೆಗಳಿಗೆ ಪಿನ್ ಹೊಡೆಯಬಾರದು ಎನ್ನುವಷ್ಟು ಸಣ್ಣ ವಿಷಯವನ್ನೂ ಕಲಿಯಬೇಕು, ಮಗುಚುವ ಸದ್ದು ಮೈಕಿಗೆ ಬೀಳುತ್ತದೆ.

ಜಾಲತಾಣದ ಓದುಗನ ದಾರಿಯೇ ಬೇರೆ. ಅವನು ‘ಸಿದ್ದು ಹಲಸಿನ ಗಿಡ ಎಲ್ಲಿ ಸಿಗುತ್ತದೆ’ ಎಂದು ಹುಡುಕುತ್ತ ಬಂದವನು. ಆ ಉತ್ತರ ಮೊದಲ ಪರದೆಯಲ್ಲೇ ಸಿಗಬೇಕು. ನಾಲ್ಕು ವರ್ಷದ ನಂತರವೂ ಯಾರೋ ಅದನ್ನು ಓದಿ ದುಡ್ಡು ಹಾಕುತ್ತಾರೆ, ಆದ್ದರಿಂದ ಬರೆದ ದಿನಾಂಕ ಇರಲೇಬೇಕು, ಮಾಹಿತಿ ಬದಲಾದರೆ ತಿದ್ದಬೇಕು. ಜೊತೆಗೆ ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಪರದಾಟವಿದೆ. ಜಾಲತಾಣಕ್ಕೆ ಯುನಿಕೋಡ್ ಬೇಕು, ಹಲವು ಮುದ್ರಣ ಕಚೇರಿಗಳಿಗೆ ಇಂದಿಗೂ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸವೇ ಬೇಕು. ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರ ಚೆದುರಿರುತ್ತವೆ. ಮತ್ತೊಮ್ಮೆ ಕರಡು ತಿದ್ದುವ ಆ ಗಂಟೆಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಾಗೆಂದು, ಒಂದೇ ಲೇಖನವನ್ನು ಎರಡು ಪತ್ರಿಕೆಗಳಿಗೆ ಒಟ್ಟಿಗೆ ಕಳಿಸುವುದು ತಪ್ಪು. ಒಂದೇ ಸುತ್ತಾಟದಿಂದ ಮೂರು ಬೇರೆ ಬೇರೆ ಬರಹ ತೆಗೆಯುವುದು ನ್ಯಾಯವಾದ ದುಡಿಮೆ.

ತಪ್ಪು ಕಲ್ಪನೆ: ಸರ್ಕಾರಿ ಮಾನ್ಯತೆಯ ಕಾರ್ಡ್ ಇಲ್ಲದವರು ಪತ್ರಕರ್ತರೇ ಅಲ್ಲ.

ಭಾರತದಲ್ಲಿ ಪತ್ರಕರ್ತನಾಗಲು ಪರವಾನಗಿ ಎನ್ನುವುದೇ ಇಲ್ಲ. ಪತ್ರಿಕಾ ಸ್ವಾತಂತ್ರ್ಯ ಸಂವಿಧಾನದ 19(1)(ಎ) ವಿಧಿ ಎಲ್ಲ ನಾಗರಿಕರಿಗೂ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ. ಪತ್ರಿಕೆಗೆಂದು ಪ್ರತ್ಯೇಕ ಹಕ್ಕು ಬರೆಯುವ ಅಗತ್ಯವಿಲ್ಲ ಎಂದು ಸಂವಿಧಾನ ರಚನಾ ಸಭೆಯಲ್ಲಿ ಅಂಬೇಡ್ಕರ್ ಅವರೇ ವಿವರಿಸಿದ್ದರು. ಮಾನ್ಯತಾ ಕಾರ್ಡ್ ಕೆಲವು ಕಟ್ಟಡಗಳ ಬಾಗಿಲು ತೆರೆಯುತ್ತದೆ, ಅಷ್ಟೇ. ಮಾಹಿತಿ ಹಕ್ಕಿನ ಅರ್ಜಿಗೆ ಕಾರ್ಡ್ ಬೇಡ. ಹತ್ತು ರೂಪಾಯಿ ಶುಲ್ಕ ಕಟ್ಟಿದರೆ 30 ದಿನದೊಳಗೆ ಉತ್ತರ ಕೊಡಬೇಕೆಂದು 2005ರ ಕಾಯ್ದೆ ಹೇಳುತ್ತದೆ.

ತಪ್ಪು ಕಲ್ಪನೆ: ಸಂಭಾವನೆ ಕೊಟ್ಟ ಮೇಲೆ ಲೇಖನ ಪತ್ರಿಕೆಯ ಸ್ವತ್ತು.

ಹೆಚ್ಚು ನಷ್ಟ ಆಗಿರುವುದು ಈ ನಂಬಿಕೆಯಿಂದಲೇ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ಬರೆದವರು. ಪತ್ರಿಕೆಯಲ್ಲಿ ನೌಕರಿಯಲ್ಲಿದ್ದು ಬರೆದಿದ್ದಕ್ಕೆ ನಿಯಮ ಬೇರೆ, ಅಲ್ಲಿ ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ಹೊರಗಿನಿಂದ ಬರೆಯುವವರು ನೌಕರರಲ್ಲ. ಹಕ್ಕು ವರ್ಗಾಯಿಸಬೇಕಾದರೆ 19ನೇ ಸೆಕ್ಷನ್ ಪ್ರಕಾರ ಬರಹದಲ್ಲಿ ಒಪ್ಪಂದ ಇರಬೇಕು, ಸಹಿ ಇರಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೇ ಅರ್ಥ. ಅಂದರೆ ಫೋನಿನಲ್ಲಿ ‘ಕಳಿಸಿ ಸರ್’ ಎಂದಾಕ್ಷಣ ನಿಮ್ಮ ಲೇಖನ ಶಾಶ್ವತವಾಗಿ ಅವರದಾಗುವುದಿಲ್ಲ. ಈ ಹಕ್ಕು ಬರೆದವರ ಜೀವಿತಾವಧಿ ಮತ್ತು ಆನಂತರ 60 ವರ್ಷ ಉಳಿಯುತ್ತದೆ, ಮಕ್ಕಳಿಗೂ ಸೇರುತ್ತದೆ. ಹಳೆಯ ಬರಹಗಳನ್ನು ಪುಸ್ತಕ ಮಾಡುವಾಗ ಇದರ ಬೆಲೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ: ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕು ತೆಗೆಸಿದವರದು. ಬರಹಕ್ಕೂ ಚಿತ್ರಕ್ಕೂ ಒಂದೇ ನಿಯಮ ಎಂದು ಭಾವಿಸಬೇಡಿ. ‘ಎಲ್ಲ ಮಾಧ್ಯಮಗಳಲ್ಲಿ, ಎಂದೆಂದಿಗೂ’ ಎಂಬ ಸಾಲು ಇರುವ ಕಾಗದಕ್ಕೆ ಸಣ್ಣ ಮೊತ್ತಕ್ಕಾಗಿ ಸಹಿ ಹಾಕಬೇಡಿ.

ತಪ್ಪು ಕಲ್ಪನೆ: ಮೊಕದ್ದಮೆ ಬಂದರೆ ಪತ್ರಿಕೆಯವರು ನೋಡಿಕೊಳ್ಳುತ್ತಾರೆ.

ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಅಡಿ ಮಾನನಷ್ಟದ ದೂರು ದಾಖಲಾದರೆ ಬರೆದವರ ಹೆಸರೂ ಅದರಲ್ಲಿ ಬರಬಹುದು. ವಕೀಲರ ಖರ್ಚು ಪತ್ರಿಕೆ ಭರಿಸುತ್ತದೆಯೇ ಎಂದು ಮೊದಲೇ ಕೇಳಿ. ಟಿಪ್ಪಣಿ ಪುಸ್ತಕ, ಧ್ವನಿಮುದ್ರಣ, ಪತ್ರ ವ್ಯವಹಾರ ಎಲ್ಲವನ್ನೂ ವರ್ಷಗಟ್ಟಲೆ ಕಾಪಾಡಿಕೊಳ್ಳಿ.

ತಪ್ಪು ಕಲ್ಪನೆ: ಹೆಸರು ಅಚ್ಚಾಗುವುದೇ ದೊಡ್ಡದು, ಹಣದ ಮಾತು ಎತ್ತುವುದು ಸಣ್ಣತನ.

ಗೌರವ ಪ್ರತಿಯಿಂದ ಬಸ್ ಚಾರ್ಜ್ ಹುಟ್ಟುವುದಿಲ್ಲ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ರಕ್ಷಣೆ ಕೊಟ್ಟದ್ದು ಪತ್ರಿಕಾ ಸಂಸ್ಥೆಗಳಲ್ಲಿ ಪೂರ್ಣಕಾಲಿಕ ಅಥವಾ ಅರೆಕಾಲಿಕ ನೌಕರಿಯಲ್ಲಿ ಇದ್ದವರಿಗೆ. ಲೇಖನಕ್ಕಿಷ್ಟು ಎಂದು ಬರೆಯುವವರಿಗೆ ಭವಿಷ್ಯನಿಧಿ ಇಲ್ಲ, ರಜೆ ಇಲ್ಲ, ಪ್ರಕಟವಾದ ಎಷ್ಟೋ ತಿಂಗಳ ಮೇಲೆ ಸಂಭಾವನೆ ಬರುತ್ತದೆ. ಈ ವಿಷಯದಲ್ಲಿ ಆಕಾಶವಾಣಿಯ ಹಳೆಯ ಪದ್ಧತಿ ಮೇಲು. ಅಲ್ಲಿ ಮೊತ್ತ ದೊಡ್ಡದಲ್ಲ, ಆದರೆ ವಿಷಯ, ಅವಧಿ, ಸಂಭಾವನೆ ಮೂರೂ ಕರಾರು ಪತ್ರದಲ್ಲಿ ಬರುತ್ತವೆ.

ಕನ್ನಡದ ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ. ಲೇಖನ ಕೇಳುವಾಗ ಎಷ್ಟು ಪದ, ಎಷ್ಟು ಸಂಭಾವನೆ, ಯಾವಾಗ ಪಾವತಿ, ಯಾವ ಹಕ್ಕು ಎಂಬ ನಾಲ್ಕು ಸಾಲು ಬರೆದು ಕಳಿಸಿ. ಅವರು ಬರೆಯದಿದ್ದರೆ, ಬರಹಗಾರರೇ, ನೀವೇ ಬರೆದು ಕಳಿಸಿ ಒಪ್ಪಿಗೆ ಪಡೆಯಿರಿ. ಅದು ಕೈಗೆ ಬಂದ ಮೇಲೆ ಬಸ್ ಹತ್ತಿ.