ಹಾಡು ಬರೆಯುವುದೂ ವಿದ್ಯೆ, ಹಾಡನ್ನು ಉಳಿಸಿಕೊಳ್ಳುವುದೂ ವಿದ್ಯೆ



ಪಿಯುಸಿ ಫಲಿತಾಂಶ ಬಂದ ಮೇಲಿನ ಕೆಲವು ವಾರಗಳು ನಮ್ಮ ಮನೆಗಳಲ್ಲಿ ದೊಡ್ಡ ಚರ್ಚೆಯ ಕಾಲ. ಇಂಜಿನಿಯರಿಂಗೋ, ನರ್ಸಿಂಗೋ, ಬಿ.ಕಾಂ.ಓ ಎಂದು ಹಿರಿಯರು ಲೆಕ್ಕ ಹಾಕುತ್ತಿರುವಾಗ, ಚಿತ್ರದುರ್ಗದ ಸಮೀಪದ ಮದಕರಿಪುರದಂಥ ಒಂದು ಊರಿನಲ್ಲಿ ಹುಡುಗನೊಬ್ಬ, "ಅಪ್ಪಾ, ನಾನು ಹಾಡು ಬರೆಯೋದನ್ನೇ ಓದ್ತೀನಿ" ಎಂದನೆಂದು ಇಟ್ಟುಕೊಳ್ಳೋಣ. ತಂದೆಯ ಉತ್ತರ ಏನಿರಬಹುದೆಂದು ಊಹಿಸುವುದು ಕಷ್ಟವಲ್ಲ. "ಹಾಡು ಬರೆಯೋಕೆ ಕಾಲೇಜು ಬೇಕೇನೋ? ಅದರಿಂದ ಹೊಟ್ಟೆ ತುಂಬುತ್ತಾ?"

ತಂದೆಯ ಈ ಎರಡೂ ಪ್ರಶ್ನೆಗಳು ನ್ಯಾಯವಾದವುಗಳೇ. ಮಗನ ಆಸೆಯೂ ತಪ್ಪಲ್ಲ. ಹಾಗಾದರೆ ಹಾಡು ರಚನೆ ಮತ್ತು ಸಂಗೀತದ ವ್ಯವಹಾರ ಎಂಬ ಈ ಓದಿನಲ್ಲಿ ಏನಿದೆ, ಅದು ಎಲ್ಲಿ ದೊರೆಯುತ್ತದೆ, ಅದರಿಂದ ಬದುಕು ಕಟ್ಟಿಕೊಳ್ಳಲು ಸಾಧ್ಯವೇ ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಹಾಡಿನ ನೆಲ ದುರ್ಗ

ದುರ್ಗದ ಸೀಮೆಗೆ ಹಾಡು ಹೊಸತಲ್ಲ. ತ.ರಾ.ಸು. ಅವರ 'ಹಂಸಗೀತೆ' ಕಾದಂಬರಿ ಈ ಕೋಟೆಯ ನೆರಳಿನಲ್ಲಿ ಬಾಳಿದ ಒಬ್ಬ ಸಂಗೀತಗಾರನ ಕಥೆ. ದೊರೆಯ ಅಪ್ಪಣೆಗೆ ತನ್ನ ಹಾಡನ್ನು ಮಾರಲು ಒಲ್ಲೆನೆಂದ ಗಾಯಕ ಅವನು. ಜಿ.ವಿ. ಅಯ್ಯರ್ ಅದನ್ನು 1975ರಲ್ಲಿ ಚಲನಚಿತ್ರವಾಗಿಸಿದರು. ಅದರಲ್ಲಿ ಹಾಡಿದ ಎಂ. ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದಕ್ಕೂ ಮೊದಲು, 1972ರಲ್ಲಿ, ಪುಟ್ಟಣ್ಣ ಕಣಗಾಲ್ ಅವರ 'ನಾಗರಹಾವು' ಚಿತ್ರ ವಿಜಯಭಾಸ್ಕರ್ ಅವರ ಸಂಗೀತದೊಂದಿಗೆ ಇದೇ ಕೋಟೆಯ ಕಲ್ಲುಬಂಡೆಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿತು. ಚಳ್ಳಕೆರೆ ತಾಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಶಾಲೆಯ ಮೆಟ್ಟಿಲು ಹತ್ತದೆಯೇ ಅಸಂಖ್ಯ ಜನಪದ ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ಅವುಗಳನ್ನು ಡಾ. ಕೃಷ್ಣಮೂರ್ತಿ ಹನೂರು ಸಂಗ್ರಹಿಸಿ ಪ್ರಕಟಿಸಿದರು.

ಹಾಗಾದರೆ ಹಾಡಲು, ಹಾಡು ಕಟ್ಟಲು ವಿಶ್ವವಿದ್ಯಾನಿಲಯವೇ ಬೇಕೆಂದಿಲ್ಲ ಎಂಬುದು ಸ್ಪಷ್ಟ. 1987ರ 'ಪ್ರೇಮಲೋಕ'ಕ್ಕೆ ಸಾಹಿತ್ಯ, ಸಂಗೀತ ಎರಡನ್ನೂ ಒದಗಿಸಿದ ಹಂಸಲೇಖ ಅವರು ನಾಟಕ ಮತ್ತು ವಾದ್ಯಗೋಷ್ಠಿಗಳ ಗರಡಿಯಲ್ಲೇ ಪಳಗಿದವರು. ನಮ್ಮ ಕರಾವಳಿಯ ವಿಲ್ಫಿ ರೆಬಿಂಬಸ್ (1942-2010) ಕೊಂಕಣಿ ಹಾಡುಗಳನ್ನು ತಾವೇ ಬರೆದು, ತಾವೇ ರಾಗ ಹಾಕಿ, 'ವಿಲ್ಫಿ ನೈಟ್' ಕಾರ್ಯಕ್ರಮಗಳ ಮೂಲಕ ಜನರ ಬಳಿಗೆ ಒಯ್ದರು. 1986ರಲ್ಲಿ ಆರಂಭವಾದ ಮಂಗಳೂರಿನ ಮಾಂಡ್ ಸೊಭಾಣ್ ಸಂಸ್ಥೆ ತರಬೇತಿ, ವೇದಿಕೆ, ಧ್ವನಿಮುದ್ರಣ ಎಲ್ಲವನ್ನೂ ಒಂದೇ ಸೂರಿನಡಿ ತಂದಿತು. ಇವರೆಲ್ಲ ಪುಸ್ತಕವಿಲ್ಲದೆ ಅನುಭವದಿಂದ ಕಲಿತದ್ದನ್ನೇ ಇಂದು ಕೆಲವು ಕಾಲೇಜುಗಳು ಪಾಠವಾಗಿ ಕಲಿಸುತ್ತಿವೆ.

ತರಗತಿಯಲ್ಲಿ ಏನು ಕಲಿಸುತ್ತಾರೆ?

ಈ ಓದಿಗೆ ಎರಡು ಮುಖಗಳಿವೆ. ಮೊದಲನೆಯದು ಹಾಡು ರಚನೆ. ಪಲ್ಲವಿ ಚಿಕ್ಕದಾಗಿ ಮನಸ್ಸಿನಲ್ಲಿ ನಿಲ್ಲುವಂತಿರಬೇಕು. ಚರಣ ಕಥೆಯನ್ನು ಮುಂದಕ್ಕೆ ಒಯ್ಯಬೇಕು. ಪ್ರಾಸ ಅರ್ಥವನ್ನು ನುಂಗಬಾರದು. ಬರೆದ ಸಾಹಿತ್ಯಕ್ಕೆ ರಾಗ ಹಾಕುವುದು ಒಂದು ರೀತಿಯಾದರೆ, ಮೊದಲೇ ಸಿದ್ಧವಾದ ಟ್ಯೂನಿಗೆ ಸಾಹಿತ್ಯ ಬರೆಯುವುದು ಇನ್ನೊಂದು ರೀತಿ. ನಮ್ಮ ಸಿನಿಮಾಗಳಲ್ಲಿ ಇಂದು ಹೆಚ್ಚಾಗಿ ನಡೆಯುವುದು ಎರಡನೆಯದು. ಟ್ಯೂನಿನಲ್ಲಿ ದೀರ್ಘ ಸ್ವರ ಬರುವಲ್ಲಿ ದೀರ್ಘಾಕ್ಷರವೇ ಕೂರಬೇಕು, ಇಲ್ಲದಿದ್ದರೆ ಹಾಡುವಾಗ ಮಾತು ಒಡೆಯುತ್ತದೆ. ಇದರೊಂದಿಗೆ ಕಂಪ್ಯೂಟರಿನಲ್ಲಿ ಧ್ವನಿಮುದ್ರಣ ಮಾಡುವುದು, ವಾದ್ಯಸಂಯೋಜನೆ, ಇತರರ ಮುಂದೆ ಹಾಡನ್ನಿಟ್ಟು ಟೀಕೆ ಕೇಳಿ ತಿದ್ದುವುದು ಕೂಡ ಪಾಠವೇ.

ಎರಡನೆಯದು ಸಂಗೀತದ ವ್ಯವಹಾರ. ಹಕ್ಕುಸ್ವಾಮ್ಯ ಕಾನೂನು, ಕರಾರುಪತ್ರ, ರಾಯಲ್ಟಿ, ಕಾರ್ಯಕ್ರಮದ ಆಯವ್ಯಯ, ಪ್ರಚಾರ, ಡಿಜಿಟಲ್ ವಿತರಣೆ ಇವೆಲ್ಲ ಇಲ್ಲಿ ಬರುತ್ತವೆ. ಮೊದಲನೆಯದರಲ್ಲಿ ಎಷ್ಟೇ ಪ್ರತಿಭೆ ಇದ್ದರೂ, ಎರಡನೆಯದರ ಅರಿವಿಲ್ಲದೆ ಬರಿಗೈಯಾದ ಕಲಾವಿದರು ಕಡಿಮೆಯೇನಲ್ಲ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಒಂದು ಹಾಡು, ಎರಡು ಆಸ್ತಿ

ಒಂದು ಹಾಡಿನಲ್ಲಿ ಕಾನೂನಿನ ಕಣ್ಣಿಗೆ ಬೇರೆ ಬೇರೆ ಆಸ್ತಿಗಳಿವೆ. ಸಾಹಿತ್ಯ ಹಾಗೂ ರಾಗಸಂಯೋಜನೆ ಒಂದು ಕಡೆ. ಅದನ್ನು ಸ್ಟುಡಿಯೋದಲ್ಲಿ ಮುದ್ರಿಸಿದ ಧ್ವನಿಮುದ್ರಿಕೆ ಇನ್ನೊಂದು ಕಡೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಮತ್ತು ಸಂಗೀತಕ್ಕೆ ರಚಿಸಿದವರ ಜೀವಿತಾವಧಿ ಮತ್ತು ಅವರ ನಿಧನಾನಂತರ 60 ವರ್ಷ ರಕ್ಷಣೆ ಇದೆ. ಧ್ವನಿಮುದ್ರಿಕೆಗೆ ಅದು ಪ್ರಕಟವಾದಂದಿನಿಂದ 60 ವರ್ಷ. ಹಾಡಿದವರಿಗೂ ಪ್ರದರ್ಶಕರ ಹಕ್ಕು ಎಂಬುದು 50 ವರ್ಷ ಇರುತ್ತದೆ. ಇದನ್ನು ಪಡೆಯಲು ನೋಂದಣಿ ಕಡ್ಡಾಯವಲ್ಲ. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಆದರೆ ದಿನಾಂಕ ಸಹಿತ ದಾಖಲೆ ಇಟ್ಟುಕೊಳ್ಳುವುದು ಜಾಣತನ.

ಬಹಳ ಕಾಲ ನಮ್ಮ ದೇಶದ ಚಿತ್ರಸಾಹಿತಿಗಳ ಸ್ಥಿತಿ ಶೋಚನೀಯವಾಗಿತ್ತು. ನಿರ್ಮಾಪಕರು ಹಣ ಕೊಟ್ಟು ಬರೆಸಿದ ಹಾಡಿನ ಮೊದಲ ಒಡೆಯರು, ಬೇರೆ ಕರಾರಿಲ್ಲದಿದ್ದರೆ, ನಿರ್ಮಾಪಕರೇ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ತೀರ್ಪಿತ್ತಿತ್ತು. ಒಮ್ಮೆ ಸಂಭಾವನೆ ಪಡೆದರೆ ಅಲ್ಲಿಗೆ ಮುಗಿಯಿತು. ಹಾಡು ನಲವತ್ತು ವರ್ಷ ರೇಡಿಯೋದಲ್ಲಿ ಮೊಳಗಿದರೂ ಬರೆದವರ ಮನೆಗೆ ಬಿಡಿಗಾಸು ಬರುತ್ತಿರಲಿಲ್ಲ.

ಈ ಅನ್ಯಾಯಕ್ಕೆ ಉತ್ತರವಾಗಿ 2012ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಸಾಹಿತಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿದ್ದು ಇದಕ್ಕಾಗಿ ದನಿಯೆತ್ತಿದವರಲ್ಲಿ ಪ್ರಮುಖರು. ಈಗ ಚಿತ್ರಕ್ಕಾಗಲಿ, ಧ್ವನಿಮುದ್ರಿಕೆಗಾಗಲಿ ಹಕ್ಕನ್ನು ಬರೆದುಕೊಟ್ಟರೂ, ಚಿತ್ರಮಂದಿರದಲ್ಲಿ ಚಿತ್ರದೊಂದಿಗೆ ಪ್ರದರ್ಶನವಾಗುವುದನ್ನು ಬಿಟ್ಟು ಉಳಿದ ಬಳಕೆಗಳಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ರಚನಕಾರರು ಬಿಟ್ಟುಕೊಡುವಂತಿಲ್ಲ. ವಾರಸುದಾರರಿಗೆ ಅಥವಾ ರಾಯಲ್ಟಿ ಸಂಗ್ರಹಿಸುವ ಸಂಘಕ್ಕೆ ಮಾತ್ರ ಅದನ್ನು ವಹಿಸಬಹುದು. ಬೇರೆ ರೀತಿ ಬರೆಸಿಕೊಂಡ ಕರಾರು ಅಷ್ಟರ ಮಟ್ಟಿಗೆ ಊರ್ಜಿತವಾಗದು.

ಈ ಹಣ ಸಂಗ್ರಹಿಸಲು 1969ರಲ್ಲಿ ಸ್ಥಾಪನೆಯಾದ ಐ.ಪಿ.ಆರ್.ಎಸ್. ಎಂಬ ಸಂಘವಿದೆ. ತಿದ್ದುಪಡಿಯಾದ ಕಾಯ್ದೆಯಡಿ ಅದು 2017ರಲ್ಲಿ ಮತ್ತೆ ನೋಂದಣಿಯಾಯಿತು. ಒಂದು ಸರಳ ಲೆಕ್ಕ ನೋಡೋಣ. ಹಾಡೊಂದರ ಸಾಹಿತ್ಯ-ಸಂಗೀತದ ಪಾಲಿಗೆ 100 ರೂಪಾಯಿ ಬಂದರೆ, ಸಾಮಾನ್ಯವಾಗಿ ಹಕ್ಕು ಪಡೆದ ಕಂಪನಿಗೆ 50, ಸಾಹಿತಿಗೆ 25, ಸಂಗೀತ ಸಂಯೋಜಕರಿಗೆ 25 ರೂಪಾಯಿ. ಆದರೆ ಸದಸ್ಯರಾಗಿ ತಮ್ಮ ಹಾಡುಗಳ ವಿವರ ಸಲ್ಲಿಸದವರ ಪಾಲು ಅವರ ಮನೆ ಬಾಗಿಲು ಹುಡುಕಿಕೊಂಡು ಬರುವುದಿಲ್ಲ!

ಸಹಿ ಹಾಕುವ ಮುನ್ನ

ಕರಾರುಪತ್ರ ಕೈಗೆ ಬಂದಾಗ ಈ ಕೆಳಗಿನ ಅಂಶಗಳನ್ನು ನೆನಪಿನಲ್ಲಿಡುವುದು ಅಗತ್ಯ.

1. ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಬಾಯಿಮಾತು ಸಲ್ಲದು.
2. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಆದ್ದರಿಂದಲೇ ಅನೇಕ ಪತ್ರಗಳಲ್ಲಿ 'ಶಾಶ್ವತವಾಗಿ, ವಿಶ್ವದಾದ್ಯಂತ' ಎಂಬ ಪದಗಳು ಇರುತ್ತವೆ. ಅವುಗಳನ್ನು ಹುಡುಕಿ ಓದಿರಿ.
3. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಬೇರೆ ಅವಧಿಯನ್ನು ಪತ್ರದಲ್ಲಿ ಹೇಳದಿದ್ದಲ್ಲಿ, ಆ ಹಕ್ಕು ರದ್ದಾಗುತ್ತದೆ.
4. 18 ವರ್ಷ ತುಂಬದವರು ಮಾಡಿಕೊಂಡ ಕರಾರಿಗೆ ಕಾನೂನಿನ ಮಾನ್ಯತೆ ಇಲ್ಲ. ಟಿವಿ ಸ್ಪರ್ಧೆಗಳಿಗೆ ಮಕ್ಕಳನ್ನು ಕಳುಹಿಸುವ ಹೆತ್ತವರು ತಾವು ಸಹಿ ಹಾಕುವ ಕಾಗದವನ್ನು ವಕೀಲರಿಗೆ ತೋರಿಸುವುದು ಒಳ್ಳೆಯದು.

ನಮ್ಮ ಗಾಯನ ಮಂಡಳಿಗಳಿಗೂ ಒಂದು ಮಾತು. ಧಾರ್ಮಿಕ ವಿಧಿಯ ಅಂಗವಾಗಿ ಹಾಡುವುದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಮದುವೆಯ ಮೆರವಣಿಗೆ ಮತ್ತು ಸಂಭ್ರಮಕ್ಕೂ ಅದು ಅನ್ವಯಿಸುತ್ತದೆ. ಆದರೆ ಇನ್ನೊಬ್ಬರ ಟ್ಯೂನಿಗೆ ಬೇರೆ ಪದ ಕೂರಿಸಿ, ಮುದ್ರಿಸಿ, ಯೂಟ್ಯೂಬಿಗೆ ಹಾಕುವುದು ಬೇರೆಯೇ ಸಂಗತಿ. ಅದಕ್ಕೆ ಒಪ್ಪಿಗೆ ಪಡೆಯಲೇಬೇಕು. ಭಕ್ತಿಯಿಂದ ಮಾಡಿದರೂ ಪರರ ಸೊತ್ತು ಪರರದ್ದೇ.

ಎಲ್ಲಿ ಓದಬಹುದು?

ಮೈಸೂರಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ರಾಜ್ಯ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ. ಅದರ ಕಾಯ್ದೆ 2009ರದ್ದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹಿಂದೂಸ್ತಾನಿ ಸಂಗೀತದ ಕಲಿಕೆಗೆ ಹೆಸರಾದದ್ದು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಆದರೆ ಇಲ್ಲೆಲ್ಲ ಒತ್ತು ಇರುವುದು ಗಾಯನ, ವಾದನ, ಶಾಸ್ತ್ರ ಮತ್ತು ಜಾನಪದ ಅಧ್ಯಯನದ ಮೇಲೆ. ಹೊಸ ಹಾಡು ರಚನೆ ಮತ್ತು ವ್ಯವಹಾರವನ್ನೇ ಮುಖ್ಯ ವಿಷಯವಾಗಿ ಬಯಸುವವರು ಹೊರಗೆ ನೋಡಬೇಕಾಗುತ್ತದೆ. ಎ.ಆರ್. ರೆಹಮಾನ್ ಅವರು 2008ರಲ್ಲಿ ಚೆನ್ನೈಯಲ್ಲಿ ಸ್ಥಾಪಿಸಿದ ಕೆ.ಎಂ. ಸಂಗೀತ ಶಾಲೆ ಭಾರತೀಯ, ಪಾಶ್ಚಾತ್ಯ ಸಂಗೀತದ ಜೊತೆ ತಂತ್ರಜ್ಞಾನವನ್ನೂ ಕಲಿಸುತ್ತದೆ. ಅಮೆರಿಕದ ಬಾಸ್ಟನ್ನಿನ ಬರ್ಕ್ಲಿ ಕಾಲೇಜಿನಲ್ಲಿ ಹಾಡು ರಚನೆ, ಸಂಗೀತ ವ್ಯವಹಾರ ಎರಡೂ ಪ್ರತ್ಯೇಕ ಪದವಿ ವಿಷಯಗಳೇ. ಆದರೆ ಅಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ ಹತ್ತಾರು ಸಾವಿರ ಡಾಲರ್. ಶಿಷ್ಯವೇತನವಿಲ್ಲದೆ, ಜಮೀನು ಅಡವಿಟ್ಟು ಅಲ್ಲಿಗೆ ಹೋಗುವುದು ಸರ್ವಥಾ ಸೂಕ್ತವಲ್ಲ.

ಮಧ್ಯದ ದಾರಿಯೊಂದಿದೆ. ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿವೆ. ಮನೆಯಿಂದಲೇ ಹೋಗಿಬಂದು ಬಿ.ಎ.ಯಲ್ಲಿ ಕನ್ನಡವನ್ನೋ ಅಥವಾ ಬಿ.ಕಾಂ. ಅನ್ನೋ ಓದುತ್ತಾ, ಜೊತೆಗೆ ಗುರುಗಳ ಬಳಿ ಸಂಗೀತ ಕಲಿತು ಜೂನಿಯರ್, ಸೀನಿಯರ್ ಪರೀಕ್ಷೆ ಮುಗಿಸಬಹುದು. ಕನ್ನಡ ಓದಿದವನಿಗೆ ಛಂದಸ್ಸು ಬರುತ್ತದೆ. ವಾಣಿಜ್ಯ ಓದಿದವನಿಗೆ ಲೆಕ್ಕ ಮತ್ತು ಕರಾರು ಬರುತ್ತದೆ. ಹಾಡು ಬರೆಯುವವನಿಗೆ ಎರಡೂ ಬೇಕು.

ಹೊಟ್ಟೆ ತುಂಬುತ್ತದೆಯೇ?

ತಂದೆಯ ಎರಡನೇ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರಿಸಬೇಕು. 1978ರ 'ನಿತ್ಯೋತ್ಸವ' ಧ್ವನಿಸುರುಳಿ ಕನ್ನಡ ಭಾವಗೀತೆಗೆ ಮಾರುಕಟ್ಟೆ ಇದೆಯೆಂದು ತೋರಿಸಿಕೊಟ್ಟಿತು. ಆ ಕ್ಯಾಸೆಟ್ಟಿನ ಕಾಲ ಮುಗಿದಿದೆ. ಇಂದು ಯಾರು ಬೇಕಾದರೂ ತಮ್ಮ ಹಾಡನ್ನು ವಿತರಕರ ಮೂಲಕ ಸ್ಪಾಟಿಫೈ, ಯೂಟ್ಯೂಬ್‌ಗಳಿಗೆ ತಲುಪಿಸಬಹುದು. ಆದರೆ ಸ್ಪಾಟಿಫೈ 2024ರಲ್ಲಿ ತಂದ ನಿಯಮದಂತೆ, 12 ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಿಕೆಗೆ ರಾಯಲ್ಟಿ ಲೆಕ್ಕವೇ ಇಲ್ಲ. ಬಾಗಿಲು ಎಲ್ಲರಿಗೂ ತೆರೆದಿದೆ, ಒಳಗೆ ಊಟ ಮಾತ್ರ ಎಲ್ಲರಿಗೂ ಇಲ್ಲ.

ಆದ್ದರಿಂದ ಹಾಡು ಬರೆಯುವ ಹೆಚ್ಚಿನವರು ಅದರ ಜೊತೆಗೆ ಶಿಕ್ಷಕರಾಗಿ, ಜಾಹೀರಾತಿನ ಜಿಂಗಲ್ ಬರೆಯುವವರಾಗಿ, ಧಾರಾವಾಹಿಗಳಿಗೆ ಶೀರ್ಷಿಕೆ ಗೀತೆ ರಚಿಸುವವರಾಗಿ, ಸ್ಟುಡಿಯೋ ತಂತ್ರಜ್ಞರಾಗಿ, ಕಾರ್ಯಕ್ರಮ ಸಂಘಟಕರಾಗಿ ದುಡಿಯುತ್ತಾರೆ. ಈ ಎಲ್ಲ ಕೆಲಸಗಳಿಗೂ ಮೇಲೆ ಹೇಳಿದ ಓದು ನೆರವಾಗುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ.

ಕೊನೆಯ ಮಾತು

ಯುವಜನರಿಗೆ ಒಂದು ಕಿವಿಮಾತು. ತನ್ನ ಹಕ್ಕನ್ನು ತಿಳಿದವನು ಇತರರ ಹಕ್ಕನ್ನೂ ಗೌರವಿಸಬೇಕು. ತಲೆತಲಾಂತರದಿಂದ ಬಂದ ಜನಪದ ಹಾಡಿಗೆ ಒಬ್ಬ ಒಡೆಯನಿಲ್ಲ. ಆದರೆ ಅದನ್ನು ಕಾಪಾಡಿಕೊಂಡು ಬಂದ ಅಜ್ಜಿಯರಿಗೆ, ಹಟ್ಟಿಗಳಿಗೆ ಹೆಸರಿದೆ. ಅವರಿಂದ ಕಲಿತ ಹಾಡನ್ನು ಮುದ್ರಿಸುವಾಗ ಹಾಡಿದವರ ಹೆಸರನ್ನೂ ಊರಿನ ಹೆಸರನ್ನೂ ಬರೆಯಿರಿ, ಬಂದ ಹಣದಲ್ಲಿ ಅವರಿಗೂ ಪಾಲು ಕೊಡಿ. ಅವರ ದನಿಯನ್ನು ಮುದ್ರಿಸುವುದಾದರೆ ಅವರ ಒಪ್ಪಿಗೆ ಪಡೆಯುವುದು ಕಾನೂನಿನ ಮಾತೂ ಹೌದು.

ಹೆತ್ತವರಲ್ಲಿ ಒಂದು ಬಿನ್ನಹ. ಮಗನೋ ಮಗಳೋ ಹಾಡು ಬರೆಯುತ್ತೇನೆಂದಾಗ ನಕ್ಕುಬಿಡಬೇಡಿ. ಹಾಗೆಂದು ಕಣ್ಣುಮುಚ್ಚಿ ಸಾಲವನ್ನೂ ಮಾಡಬೇಡಿ. "ಈವರೆಗೆ ಎಷ್ಟು ಹಾಡು ಬರೆದು ಮುಗಿಸಿದ್ದೀಯ? ತೋರಿಸು" ಎಂದು ಕೇಳಿ. ಹತ್ತು ಹಾಡು ಮುಗಿಸಿ, ಹತ್ತು ಸಲ ತಿದ್ದಿದ ಮಗುವಿಗೆ ದಾರಿ ಹುಡುಕಿಕೊಡುವುದು ನಮ್ಮೆಲ್ಲರ ಕರ್ತವ್ಯ. ಒಂದೂ ಬರೆಯದೆ ಹೆಸರಿನ ಆಸೆಗೆ ಬಿದ್ದವನಿಗೆ, "ಮೊದಲು ಒಂದನ್ನು ಬರೆ" ಎಂದು ಹೇಳುವುದೂ ಕರ್ತವ್ಯವೇ.